ನಾಯಿಗೆ ಪಾಠ, ಮೊದಲು ನಮಗೆ



ನಿಮ್ಮ ಮನೆಯಲ್ಲಿ ನಾಯಿ ಇದೆಯಾ? ಮನೆಯಲ್ಲಿ ಇಲ್ಲದಿದ್ದರೂ ಬೀದಿಯಲ್ಲಿ ಇದ್ದೇ ಇರುತ್ತದೆ. ಅದಕ್ಕೆ ನಾವು ದಿನವೂ ಏನಾದರೂ ಹೇಳುತ್ತೇವೆ. "ಬಾ" ಅಂತೀವಿ. "ಹಚಾ" ಅಂತೀವಿ. "ಸುಮ್ನಿರು" ಅಂತ ಗದರುತ್ತೇವೆ. ನಮ್ಮ ಮಾತು ನಾಯಿಗೆ ಎಷ್ಟು ತಿಳಿಯುತ್ತದೆ?

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ನಿಮ್ಮ ಮನೆ ನಾಯಿಯಿಂದ ಹತ್ತು ಹೆಜ್ಜೆ ದೂರ ನಿಲ್ಲಿ. ಕೈ ಕಟ್ಟಿಕೊಳ್ಳಿ. ಮುಖ ಆಚೆ ತಿರುಗಿಸಿ. ಈಗ "ಬಾ" ಅನ್ನಿ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ. ಈ ಸಲ ಬಾಯಿ ಬಿಡಬೇಡಿ. ಕುಕ್ಕರುಗಾಲಲ್ಲಿ ಕೂತು, ಕೈ ಚಾಚಿ, ತೊಡೆ ತಟ್ಟಿ. ಯಾವಾಗ ಬೇಗ ಬಂತು? ಹೆಚ್ಚಿನ ನಾಯಿಗಳು ಎರಡನೆಯ ಸಲವೇ ಬೇಗ ಬರುತ್ತವೆ. ನಾಯಿಗೆ ಕಿವಿ ಚುರುಕು, ನಿಜ. ಆದರೂ ಅದು ನಮ್ಮ ಮಾತು ಕೇಳುವುದಕ್ಕಿಂತ ಹೆಚ್ಚಾಗಿ ನಮ್ಮ ಮೈ ನೋಡುತ್ತದೆ.

ಇದು ಸಾಕಿದ ನಾಯಿಯ ಗುಣ ಮಾತ್ರ ಅಲ್ಲ. ಕೋಲ್ಕತ್ತಾದಲ್ಲಿ ಐಸರ್ ಎಂಬ ವಿಜ್ಞಾನ ಸಂಸ್ಥೆ ಇದೆ. ಅಲ್ಲಿನವರು ಬೀದಿನಾಯಿಗಳ ಮುಂದೆ ಎರಡು ಬಟ್ಟಲು ಇಟ್ಟು, ಒಂದನ್ನು ಕೈಯಿಂದ ತೋರಿಸಿದರು. 2020ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಹೆದರಿ ದೂರ ನಿಂತ ನಾಯಿಗಳು ಬಹಳ ಇದ್ದವು. ಆದರೆ ಹತ್ತಿರ ಬಂದ ನಾಯಿಗಳಲ್ಲಿ 100ಕ್ಕೆ ಸುಮಾರು 80, ಕೈ ತೋರಿಸಿದ ಬಟ್ಟಲಿಗೇ ಹೋದವು. ಅವುಗಳಿಗೆ ಯಾರೂ ಪಾಠ ಹೇಳಿರಲಿಲ್ಲ.

ನಾಯಿ ಹೀಗೆ ನೋಡುತ್ತದೆ ಎಂಬುದನ್ನೇ ಹಿಡಿದು ಒಂದು ಆಟ ಹುಟ್ಟಿದೆ. ಆ ಆಟದ ಹೆಸರು ಅಜಿಲಿಟಿ. ಅಜಿಲಿಟಿ ಅಂದರೆ ಚುರುಕುತನ.

ಆಟ ಹುಟ್ಟಿದ ಕಥೆ

ಇಂಗ್ಲೆಂಡ್ ದೇಶದಲ್ಲಿ ಕ್ರಫ್ಟ್ಸ್ ಎಂಬ ದೊಡ್ಡ ನಾಯಿ ಪ್ರದರ್ಶನ ನಡೆಯುತ್ತದೆ. ನಮ್ಮಲ್ಲಿ ದನದ ಜಾತ್ರೆ ಇದ್ದ ಹಾಗೆ ಅನ್ನಿ. ಆದರೆ ಅಲ್ಲಿ ಕೊಡುವುದು ತಗೊಳ್ಳುವುದು ಮುಖ್ಯ ಅಲ್ಲ, ಬಹುಮಾನ ಮುಖ್ಯ. 1978ರಲ್ಲಿ ಅದು ಲಂಡನ್ ನಗರದಲ್ಲಿ ನಡೆಯಿತು. ಒಂದು ಸ್ಪರ್ಧೆ ಮುಗಿದು ಇನ್ನೊಂದು ಶುರುವಾಗುವ ತನಕ ಜನ ಸುಮ್ಮನೆ ಕೂರಬೇಕಿತ್ತು. ಆ ಬಿಡುವಿನಲ್ಲಿ ಏನಾದರೂ ತೋರಿಸಬೇಕು ಅಂತ ಸಮಿತಿಯ ಜಾನ್ ವಾರ್ಲಿ ಎಂಬುವರು ಯೋಚಿಸಿದರು. ಕುದುರೆಗಳು ಬೇಲಿ ಹಾರುವ ಪಂದ್ಯ ಅಲ್ಲಿ ಮೊದಲೇ ಇತ್ತು. ಕುದುರೆ ಹಾರಿದರೆ ನಾಯಿ ಯಾಕೆ ಹಾರಬಾರದು? ಪೀಟರ್ ಮೀನ್‌ವೆಲ್ ಎಂಬ ನಾಯಿ ತರಬೇತುದಾರರು ತಡೆಗಳನ್ನು ಸಿದ್ಧ ಮಾಡಿದರು. ನಾಯಿಗಳು ಓಡಿದವು. ಜನ ಕುಣಿದಾಡಿದರು. 1980ರಲ್ಲಿ ಅಲ್ಲಿನ ಕೆನಲ್ ಕ್ಲಬ್ ಇದಕ್ಕೆ ನಿಯಮ ಮಾಡಿ ಒಪ್ಪಿಗೆ ಕೊಟ್ಟಿತು. ಹೊತ್ತು ಕಳೆಯಲು ಮಾಡಿದ ಆಟ ಇವತ್ತು ಎಷ್ಟೋ ದೇಶಗಳಲ್ಲಿ ಇದೆ. ಹೆಂಗಸರು ಇದನ್ನು ಬಹಳ ಆಡುತ್ತಾರೆ. ಮಕ್ಕಳು ಮೊಮ್ಮಕ್ಕಳನ್ನು ಕಂಡವರೂ ಓಡುತ್ತಾರೆ.

ಆಟದ ಬಯಲು ಹೇಗಿರುತ್ತದೆ?

ಬಯಲಲ್ಲಿ ಸುಮಾರು 20 ತಡೆಗಳು. ಹಾರುವ ಅಡ್ಡಕೋಲುಗಳು. ನುಸುಳುವ ಬಟ್ಟೆಯ ಕೊಳವೆ. ಏರಿ ಇಳಿಯುವ ಹಲಗೆ. ಏತದ ಹಾಗೆ ಮೇಲೆ ಕೆಳಗೆ ಆಗುವ ಹಲಗೆ. ಸಾಲಾಗಿ ನೆಟ್ಟ 12 ಕೋಲುಗಳು. ಆ ಕೋಲುಗಳ ನಡುವೆ ನಾಯಿ ಹಾವಿನ ಹಾಗೆ ಹೊರಳಿ ಹೊರಳಿ ಹೋಗಬೇಕು. ಮೊದಲನೆಯ ಕೋಲು ನಾಯಿಯ ಎಡ ಭುಜಕ್ಕೆ ಬರಬೇಕು. ಬಲಕ್ಕೆ ಬಂದರೆ ತಪ್ಪು.

ನಡೆಯುವ ಹಲಗೆ ಒಂದಡಿ ಅಗಲ, ನಮ್ಮ ಎದೆಮಟ್ಟದ ಎತ್ತರ. ಹತ್ತುವ ಕಡೆ, ಇಳಿಯುವ ಕಡೆ ಬೇರೆ ಬಣ್ಣ ಬಳಿದಿರುತ್ತಾರೆ. ಇಳಿಯುವಾಗ ಆ ಬಣ್ಣದ ಮೇಲೆ ನಾಯಿ ಕಾಲಿಡಲೇಬೇಕು. ಯಾಕೆ ಗೊತ್ತಾ? ಆತುರದಲ್ಲಿ ಮೇಲಿಂದಲೇ ನೆಗೆದರೆ ಅದರ ಕಾಲು, ಭುಜ ಮುರಿಯಬಹುದು. ಬಣ್ಣ ಚೆಂದಕ್ಕಲ್ಲ, ನಾಯಿಯ ಕಾಪಿಗೆ. ಅಡ್ಡಕೋಲಿನ ಎತ್ತರವೂ ಹಾಗೆಯೇ. ಸಣ್ಣ ನಾಯಿಗೆ ತಗ್ಗು, ದೊಡ್ಡ ನಾಯಿಗೆ ಎತ್ತರ. 18 ತಿಂಗಳು ತುಂಬದ ನಾಯಿಯನ್ನು ಪಂದ್ಯಕ್ಕೆ ಬಿಡುವುದಿಲ್ಲ. ಎಳೆ ಮೂಳೆ ಅಲ್ವಾ?

ಪ್ರತಿ ತಡೆಯ ಪಕ್ಕದಲ್ಲಿ ಒಂದು ಅಂಕಿ ಇಟ್ಟಿರುತ್ತಾರೆ. 1, 2, 3 ಹೀಗೆ. ಅದೇ ಸಾಲಿನಲ್ಲಿ ಓಡಬೇಕು. ಸಾಲು ತಪ್ಪಿದರೆ ಆಟದಿಂದ ಹೊರಗೆ. ಪ್ರತಿ ಪಂದ್ಯಕ್ಕೂ ತೀರ್ಪುಗಾರರು ಹೊಸ ಸಾಲು ಹಾಕುತ್ತಾರೆ. ಹಾಗಾಗಿ ನಾಯಿಗೆ ದಾರಿ ಬಾಯಿಪಾಠ ಆಗುವ ಹಾಗಿಲ್ಲ. ಅಂಕಿ ಓದುವುದಕ್ಕಂತೂ ಅದಕ್ಕೆ ಬಾರದು!

ಓದುವವರು ಯಾರು? ಜತೆಯಲ್ಲಿ ಓಡುವವರು. ಅವರನ್ನು ಹ್ಯಾಂಡ್ಲರ್ ಅಂತಾರೆ. ನಾವು ಈ ಪಾಠದಲ್ಲಿ ಜತೆಗಾರ್ತಿ ಅನ್ನೋಣ.

ಜತೆಗಾರ್ತಿ ನಾಯಿಯನ್ನು ಮುಟ್ಟಬಾರದು. ಹಗ್ಗ ಇಲ್ಲ. ಕೋಲು ಇಲ್ಲ. ಓಡುವಾಗ ಕೈಯಲ್ಲಿ ತಿಂಡಿಯೂ ಇರಬಾರದು. ಅಡ್ಡಕೋಲು ಬಿದ್ದರೆ 5 ತಪ್ಪು ಅಂಕ. ಬಣ್ಣ ತುಳಿಯದಿದ್ದರೆ 5. ತಡೆಯ ಮುಂದೆ ಬಂದು ನಿಂತರೆ, ಅಥವಾ ಅದನ್ನು ದಾಟಿ ಆಚೆ ಹೋದರೆ 5. ಈ ಇಡೀ ಓಟ ಮುಗಿಯುವುದು ಒಂದು ನಿಮಿಷದ ಒಳಗೆ. ಒಲೆ ಮೇಲಿನ ಹಾಲು ಉಕ್ಕುವಷ್ಟೂ ಹೊತ್ತಿಲ್ಲ. ಹಾಗಾದರೆ ನಾಯಿಗೆ ದಾರಿ ತೋರಿಸುವುದು ಹೇಗೆ?

ಮೈಯಿಂದ ದಾರಿ ತೋರಿಸುವುದು

ಜತೆಗಾರ್ತಿಯ ಪಾದ ಎತ್ತ ತಿರುಗಿದೆಯೋ ನಾಯಿ ಅತ್ತ ಹೋಗುತ್ತದೆ. ಭುಜ ಎತ್ತ ನೋಡುತ್ತದೋ ಅತ್ತ ಹೋಗುತ್ತದೆ. ಅವಳು ಜೋರಾಗಿ ಓಡಿದರೆ ಅದೂ ಜೋರು. ಅವಳು ನಿಧಾನ ಮಾಡಿದರೆ "ಓ, ಇಲ್ಲಿ ತಿರುವು ಇದೆ" ಅಂತ ಅದಕ್ಕೆ ಗೊತ್ತಾಗುತ್ತದೆ. ಕೈ ಕೊನೆಗೆ ಬರುತ್ತದೆ. ಹೊಸಬರು ಕೈಯೊಂದನ್ನೇ ನಂಬುತ್ತಾರೆ. ಕೈ ಬಲಕ್ಕೆ ತೋರಿಸುತ್ತಾರೆ, ಕಾಲು ಎಡಕ್ಕೆ ಇರುತ್ತದೆ. ನಾಯಿ ಕಾಲನ್ನು ನಂಬಿ ಎಡಕ್ಕೆ ಹೋಗುತ್ತದೆ. ಆಗ "ಅಯ್ಯೋ, ನನ್ನ ನಾಯಿ ದಡ್ಡ" ಅಂತಾರೆ. ನಾಯಿ ಮಾಡಿದ್ದು ಸರಿಯಾಗಿಯೇ ಇರುತ್ತದೆ.

ಈಗ ಒಂದು ತಿರುವು ಕಲಿಯೋಣ. ಇದಕ್ಕೆ ಅಲ್ಲಿ ಫ್ರಂಟ್ ಕ್ರಾಸ್ ಅಂತಾರೆ. ನಾವು ಎದುರು ತಿರುವು ಅನ್ನೋಣ.

ಕಣದಲ್ಲಿ ತುಳಿಸುವುದನ್ನು ನೆನಪು ಮಾಡಿಕೊಳ್ಳಿ. ಮೇಟಿಯ ಹತ್ತಿರದ ಎತ್ತು ಕಡಿಮೆ ನಡೆಯುತ್ತದೆ. ಹೊರಗಿನ ಎತ್ತು ಹೆಚ್ಚು ನಡೆಯುತ್ತದೆ. ನಾಯಿಗೆ ನಾಲ್ಕು ಕಾಲು, ನಮಗೆ ಎರಡು. ಅದರ ಸಮಕ್ಕೆ ನಾವು ಓಡಲಾರೆವು. ಆದ್ದರಿಂದ ತಿರುವಿನಲ್ಲಿ ನಾವು ಮೇಟಿಯ ಹತ್ತಿರದ ಎತ್ತಾಗಬೇಕು. ನಾಯಿ ಹೊರಗಿನ ಎತ್ತಾಗಬೇಕು.

ನಾಯಿ ನಿಮ್ಮ ಬಲಗಡೆ ಓಡುತ್ತಿದೆ ಅನ್ನಿ. ಮುಂದೆ ದಾರಿ ಬಲಕ್ಕೆ ತಿರುಗುತ್ತದೆ. ಹಾಗೇ ಓಡಿದರೆ ನೀವು ತಿರುವಿನ ಹೊರಗಡೆ ಉಳಿಯುತ್ತೀರಿ, ಹಿಂದೆ ಬೀಳುತ್ತೀರಿ. ಅದಕ್ಕೇ ನಾಯಿಗಿಂತ ನಾಲ್ಕು ಹೆಜ್ಜೆ ಮುಂದೆ ಇರುವಾಗಲೇ ಅದರ ದಾರಿಗೆ ಅಡ್ಡ ಹಾಯಿರಿ. ಹಾಯುವಾಗ ನಾಯಿಯ ಕಡೆ ಮುಖ ಮಾಡಿ ತಿರುಗಿ. ಇಷ್ಟು ಹೊತ್ತು ಬಲಗೈ ತೋರಿಸುತ್ತಿದ್ದಿರಿ. ಈಗ ಅದನ್ನು ಇಳಿಸಿ ಎಡಗೈ ತೋರಿಸಿ. ತಿರುಗಿ ಮುಗಿಯುವ ಹೊತ್ತಿಗೆ ನಾಯಿ ನಿಮ್ಮ ಎಡಗಡೆ ಬಂದಿರುತ್ತದೆ. ನೀವು ತಿರುವಿನ ಒಳಗಡೆ ಇರುತ್ತೀರಿ.

ಓದುವಾಗ ಗೋಜಲು ಅನ್ನಿಸುತ್ತದೆ. ಪುಸ್ತಕ ಕೆಳಗಿಟ್ಟು, ಎದ್ದು ನಿಂತು ಒಂದು ಸಲ ಮಾಡಿ. ಮೈಗೆ ಬೇಗ ಹತ್ತುತ್ತದೆ.

ನಾಯಿ ಮುಂದೆ ಹೋಗಿಬಿಟ್ಟರೆ ಅದರ ಹಿಂದಿನಿಂದ ಹಾಯ್ದು ಪಕ್ಕ ಬದಲಿಸುತ್ತಾರೆ. ಅದು ಹಿಂದಿನ ತಿರುವು. ನಾಯಿಗೆ ಬೆನ್ನು ಮಾಡಿ ಹಾಯುವ ತಿರುವೂ ಇದೆ. ಅದು ಪಳಗಿದವರಿಗೆ.

ನಾಯಿ ಇಲ್ಲದೆ ಅಭ್ಯಾಸ

ಈ ಆಟದಲ್ಲಿ ನನಗೆ ಬಹಳ ಹಿಡಿಸಿದ್ದು ಇದು. ಪಂದ್ಯಕ್ಕೆ ಮೊದಲು ಜತೆಗಾರ್ತಿಯರಿಗೆ ಕೆಲವು ನಿಮಿಷ ಕೊಡುತ್ತಾರೆ. ನಾಯಿಯನ್ನು ಹೊರಗೆ ಬಿಟ್ಟು ಅವರು ಮಾತ್ರ ಬಯಲಿಗೆ ಇಳಿಯುತ್ತಾರೆ. ಅಂಕಿ ನೋಡುತ್ತಾ ನಡೆಯುತ್ತಾರೆ. ಇಲ್ಲದ ನಾಯಿಗೆ ಕೈ ತೋರಿಸುತ್ತಾರೆ. ಗಕ್ಕನೆ ತಿರುಗುತ್ತಾರೆ. ಮತ್ತೆ ಹಿಂದೆ ಬಂದು ಅದೇ ಹೆಜ್ಜೆ ಹಾಕುತ್ತಾರೆ. ನೋಡಿದವರಿಗೆ ಇವರಿಗೆಲ್ಲ ಏನೋ ಮೆಟ್ಟಿಕೊಂಡಿದೆ ಅನ್ನಿಸಬೇಕು! ಆದರೆ ಹೀಗೆ ಮಾಡದವರು ಬಯಲಲ್ಲಿ ತಡವರಿಸುತ್ತಾರೆ. ಅವರು ತಡವರಿಸಿದರೆ ನಾಯಿಯೂ ತಡವರಿಸುತ್ತದೆ. ಮನೆಯಲ್ಲೂ ಅಷ್ಟೇ. ತಿರುವನ್ನು ಮೊದಲು ಖಾಲಿ ಅಂಗಳದಲ್ಲಿ ಕಾಲಿಗೆ ಕಲಿಸುತ್ತಾರೆ. ನಾಯಿಯನ್ನು ಆಮೇಲೆ ಕರೆಯುತ್ತಾರೆ. ನಾವು ಕಲಿಯುವ ತಪ್ಪಿಗೆ ನಾಯಿ ಯಾಕೆ ದಣಿಯಬೇಕು?

ಇನ್ನೊಂದು ಅಭ್ಯಾಸ ಇದೆ. ಇಬ್ಬರು ಸೇರಬೇಕು. ಒಬ್ಬರು ನಾಯಿ, ಒಬ್ಬರು ಜತೆಗಾರ್ತಿ. ಇದನ್ನು ನಮ್ಮ ಕಲಿಕಾ ಕೇಂದ್ರದ ಅಂಗಳದಲ್ಲಿ ಆಡಿದೆವು. ಐದು ಬಿಂದಿಗೆ ಇಟ್ಟೆವು. ಐದು ಸ್ಲೇಟಿನ ಮೇಲೆ 1ರಿಂದ 5ರವರೆಗೆ ಬರೆದು, ಒಂದೊಂದು ಬಿಂದಿಗೆಗೆ ಒರಗಿಸಿದೆವು. ನಾಯಿ ಆದವರು ಸ್ಲೇಟು ನೋಡಬಾರದು, ಜತೆಗಾರ್ತಿಯನ್ನು ಮಾತ್ರ ನೋಡಬೇಕು. ಜತೆಗಾರ್ತಿ ಮಾತಾಡಬಾರದು.

ಹೂ ಮಾರುವ ಅಕ್ಕ ಜತೆಗಾರ್ತಿ ಆದರು. ಅವರ ಓರಗಿತ್ತಿ ನಾಯಿ ಆದರು. ಎರಡನೇ ಬಿಂದಿಗೆ ಆದ ಮೇಲೆ ನಾಯಿ ಐದನೇ ಬಿಂದಿಗೆಗೆ ಓಡಿತು. ಎಲ್ಲರೂ ನಕ್ಕರು.

"ಏನೇ, ನಾನು ಆ ಕಡೆ ಕೈ ತೋರ್ಸಿದ್ರೆ ಈ ಕಡೆ ಬರ್ತೀಯಲ್ಲ?" ಅಂದರು ಅಕ್ಕ.

"ನಿನ್ ಕೈ ಆ ಕಡೆ ಇತ್ತಕ್ಕ. ನೀನು ಓಡಿದ್ದು ಈ ಕಡೆ. ನಾನು ಯಾವುದನ್ನ ನಂಬ್ಲಿ?" ಅಂದರು ಓರಗಿತ್ತಿ.

ಅಕ್ಕ ಏನೂ ಹೇಳಲಿಲ್ಲ. ಸೆರಗು ಸಿಕ್ಕಿಸಿಕೊಂಡು ಒಬ್ಬರೇ ಒಂದರಿಂದ ಐದರವರೆಗೆ ಎರಡು ಸಲ ನಡೆದರು. ಎರಡನೇ ಬಿಂದಿಗೆಯ ಹತ್ತಿರ ನಿಂತು ಪಾದ ತಿರುಗಿಸಿ ನೋಡಿಕೊಂಡರು. ಮೂರನೇ ಸಲಕ್ಕೆ ಓರಗಿತ್ತಿ ಒಂದೂ ತಪ್ಪದೆ ಬಂದರು. ಆವತ್ತು ಅಂಕಿ ಓದುವ ಪಾಠವೂ ಆಯಿತು ಅನ್ನಿ.

"ಬಾ" ಎಂಬ ಮಾತನ್ನು ಕೆಡಿಸಬೇಡಿ

ನಮಗೆ ಪಂದ್ಯ ಬೇಡ, ಬಹುಮಾನವೂ ಬೇಡ ಅಂತೀರಾ? ಸರಿ. ಆದರೆ ನಮ್ಮ ಮನೆ ಮುಂದೆ ರಸ್ತೆ ಇದೆ. ಬಸ್ಸು ಲಾರಿ ಓಡುತ್ತವೆ. ಕರೆದಾಗ ಬರುವ ನಾಯಿ ಬದುಕುತ್ತದೆ.

ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ನಾಯಿ ತಪ್ಪಿಸಿಕೊಂಡು ಹೋಗುತ್ತದೆ. "ಬಾ, ಬಾ" ಅಂತ ಕೂಗುತ್ತೇವೆ. ಅರ್ಧ ಗಂಟೆ ಬಿಟ್ಟು ಬರುತ್ತದೆ. ಬಂದ ಕೂಡಲೇ ಎರಡು ಬಾರಿಸುತ್ತೇವೆ. ನಮ್ಮ ಲೆಕ್ಕದಲ್ಲಿ ಆ ಏಟು ಓಡಿ ಹೋಗಿದ್ದಕ್ಕೆ. ನಾಯಿಯ ಲೆಕ್ಕದಲ್ಲಿ ಆ ಏಟು ವಾಪಸ್ ಬಂದಿದ್ದಕ್ಕೆ. ನಾಳೆ ರಸ್ತೆಯ ಆಚೆ ನಿಂತಾಗ "ಬಾ" ಅಂದರೆ ಅದು ಬರುತ್ತದಾ?

ಅಜಿಲಿಟಿ ಕಲಿಸುವವರು ಹೊಡೆಯುವುದಿಲ್ಲ. ಕೋಲು ತೋರಿಸಿದರೆ ನಾಯಿ ಬಾಲ ಮಡಚಿ ಮೆಲ್ಲಗೆ ನಡೆಯುತ್ತದೆ. ಹೆದರಿದ ನಾಯಿ ಖುಷಿಯಲ್ಲಿ ಹಾರುವುದಿಲ್ಲ. ನಾಯಿ ಸರಿ ಮಾಡಿದ ಆ ಕ್ಷಣದಲ್ಲೇ ಅವರು ತಿಂಡಿಯ ಚೂರು ಕೊಡುತ್ತಾರೆ. ಸ್ವಲ್ಪ ತಡವಾದರೂ ಅದು ಯಾವುದಕ್ಕೆ ಸಿಕ್ಕಿತು ಅಂತ ನಾಯಿಗೆ ಗೊತ್ತಾಗುವುದಿಲ್ಲ.

ಮನೆಯಲ್ಲಿ ನೀವೂ ಹೀಗೆ ಮಾಡಬಹುದು. ರೊಟ್ಟಿಯನ್ನೋ ಚಪಾತಿಯನ್ನೋ ಕಡಲೆಕಾಳಿನಷ್ಟು ಚೂರು ಮಾಡಿಕೊಳ್ಳಿ. ಬಿಸಿಲು ಏರುವ ಮೊದಲು, ಇಲ್ಲಾಂದ್ರೆ ಸಂಜೆ ತಣ್ಣಗಾದ ಮೇಲೆ ಮಾಡಿ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ತಣ್ಣಗಾಗಬೇಕು. ನಾಲ್ಕು ಹೆಜ್ಜೆ ದೂರ ಹೋಗಿ, ಕೂತು ಕೈ ಚಾಚಿ ಒಂದೇ ಒಂದು ಸಲ "ಬಾ" ಅನ್ನಿ. ಬಂದ ಕೂಡಲೇ ಒಂದು ಚೂರು ಕೊಡಿ, ಕತ್ತು ಸವರಿ. ಮಾರನೆ ದಿನ ಎಂಟು ಹೆಜ್ಜೆ. ಐದು ನಿಮಿಷ ಸಾಕು. ಅದಕ್ಕೆ ಬೇಜಾರಾಗುವ ಮೊದಲೇ ನಿಲ್ಲಿಸಿ. ಈರುಳ್ಳಿ ಹಾಕಿದ ತಿಂಡಿ, ದ್ರಾಕ್ಷಿ, ಚಾಕೊಲೇಟ್ ಕೊಡಬೇಡಿ. ಅವು ನಾಯಿಗೆ ವಿಷ.

ಇದು ಬಂದ ಮೇಲೆ ಪೊರಕೆಯನ್ನು ನೆಲದ ಮೇಲೆ ಅಡ್ಡ ಇಟ್ಟು ಅದರ ಜತೆಯಲ್ಲಿ ನೀವೂ ದಾಟಿ. ಆಮೇಲೆ ಒಂದು ಕೋಲನ್ನು ಮಲಗಿಸಿದ ಎರಡು ಇಟ್ಟಿಗೆಗಳ ಮೇಲೆ ಸುಮ್ಮನೆ ಇಡಿ. ಕಟ್ಟಬೇಡಿ. ಕಾಲು ತಗಲಿದರೆ ಕೋಲು ಬೀಳಬೇಕು, ನಾಯಿ ಬೀಳಬಾರದು. ಎಳೆ ಮರಿಯನ್ನು, ಬಸುರಿ ನಾಯಿಯನ್ನು, ಮುದಿ ನಾಯಿಯನ್ನು ಹಾರಿಸಬೇಡಿ. ಮಕ್ಕಳು ಎತ್ತರ ಮಾಡು ಅಂತ ಹಟ ಹಿಡಿಯುತ್ತಾರೆ. ಕೊಡಬೇಡಿ.

ನಾಯಿ ರಸ್ತೆಗೆ ಹೋಗಿಬಿಟ್ಟರೆ ಏನು ಮಾಡಬೇಕು? ಅದರ ಹಿಂದೆ ಓಡಬೇಡಿ. ನೀವು ಓಡಿದರೆ ಅದು ಇನ್ನೂ ಮುಂದೆ ಓಡುತ್ತದೆ, ಅದಕ್ಕೆ ಅದೊಂದು ಆಟ. ಅದನ್ನು ಕರೆದು, ಬೆನ್ನು ಮಾಡಿ, ಮನೆಯ ಕಡೆ ನೀವೇ ಓಡಿ. ಬಹಳ ನಾಯಿಗಳು ತಿರುಗಿ ನಿಮ್ಮ ಹಿಂದೆ ಬರುತ್ತವೆ. ಆದರೆ ನಿಮ್ಮ ಮತ್ತು ನಾಯಿಯ ನಡುವೆ ಗಾಡಿ ಬರುತ್ತಿದ್ದರೆ ಕರೆಯಬೇಡಿ. ಗಾಡಿ ಹೋಗಲಿ.

ಮಕ್ಕಳಿಗೆ ಹೇಳಿಕೊಡಿ

ಓಡುವವರ ಹಿಂದೆ ನಾಯಿ ಓಡುತ್ತದೆ. ಅಜಿಲಿಟಿಗೆ ಇದು ಬಂಡವಾಳ. ಬೀದಿಯಲ್ಲಿ ಇದೇ ಅಪಾಯ. ಗೊತ್ತಿಲ್ಲದ ನಾಯಿ ಎದುರು ಬಂದಾಗ ಮಗು ಕಿರುಚಿಕೊಂಡು ಕೈ ಬೀಸಿ ಓಡಿದರೆ, ಅದರ ಮೈ "ನನ್ನನ್ನು ಅಟ್ಟಿಸಿಕೊಂಡು ಬಾ" ಅಂತ ಹೇಳಿದ ಹಾಗೆ. ಮರದ ಹಾಗೆ ನಿಲ್ಲಲು ಕಲಿಸಿ. ಕೈ ಮೈಗೆ ಅಂಟಿರಲಿ. ಕಣ್ಣು ನೆಲದ ಮೇಲಿರಲಿ, ನಾಯಿಯ ಕಣ್ಣನ್ನು ನೋಡಬಾರದು. ನಾಯಿ ಮೂಸಿ ಹೋದ ಮೇಲೆ ಮೆಲ್ಲಗೆ ಹಿಂದೆ ಸರಿಯಬೇಕು. ಉಣ್ಣುವ ನಾಯಿಯ ಹತ್ತಿರ, ಮರಿ ಹಾಕಿದ ನಾಯಿಯ ಹತ್ತಿರ ಹೋಗಲೇಬಾರದು. ಇದನ್ನು ಅಂಗಳದಲ್ಲಿ ಆಟದ ಹಾಗೆ ಮಾಡಿಸಿ. ನೀವು ನಾಯಿ ಆಗಿ, ಮಗು ಮರ ಆಗಲಿ. ಹೆದರಿಕೆ ಬಂದ ಹೊತ್ತಿನಲ್ಲಿ ಕಲಿಸಲು ಆಗುವುದಿಲ್ಲ.

ಇಷ್ಟೆಲ್ಲ ಮಾಡಿದರೂ ನಾಯಿ ಕಚ್ಚಿದರೆ? ಹಲ್ಲು ತರಚಿದರೂ ಅಷ್ಟೇ. ಕೂಡಲೇ ನಲ್ಲಿಯ ಕೆಳಗೆ ಹಿಡಿದು, ಇಲ್ಲಾಂದ್ರೆ ಚೊಂಬಿನಿಂದ ನೀರು ಹುಯ್ಯುತ್ತಾ, ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಖಾರದ ಪುಡಿ, ಸುಣ್ಣ, ಕಾಫಿ ಪುಡಿ ಹಾಕಬೇಡಿ. ಮಂತ್ರ ಹಾಕಿಸಿ ಸುಮ್ಮನಾಗಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ವೈದ್ಯರು ಬರೆದುಕೊಟ್ಟ ತಾರೀಖಿಗೆಲ್ಲ ತಪ್ಪದೆ ಹೋಗಿ ಎಲ್ಲಾ ಚುಚ್ಚುಮದ್ದು ಹಾಕಿಸಿಕೊಳ್ಳಿ. ಹುಚ್ಚುನಾಯಿ ರೋಗ ಕಾಣಿಸಿಕೊಂಡ ಮೇಲೆ ಅದನ್ನು ವಾಸಿ ಮಾಡುವ ಮದ್ದಿಲ್ಲ. ಮೊದಲೇ ಹಾಕಿಸಿದ ಚುಚ್ಚುಮದ್ದು ಜೀವ ಉಳಿಸುತ್ತದೆ. ನಿಮ್ಮ ಮನೆ ನಾಯಿಗೂ ಮೂರು ತಿಂಗಳು ತುಂಬಿದ ಮೇಲೆ ಪಶು ಆಸ್ಪತ್ರೆಯಲ್ಲಿ ಈ ರೋಗದ ಚುಚ್ಚುಮದ್ದು ಹಾಕಿಸಿ. ಆಮೇಲೆ ವರ್ಷ ವರ್ಷ ಹಾಕಿಸುತ್ತಿರಿ. ಚೀಟಿಯಲ್ಲಿ ತಾರೀಖು ಬರೆದಿರುತ್ತಾರೆ. ಈಗ ಅದನ್ನು ನೀವೇ ಓದಬಹುದು.

ಓದಿ, ಹೇಳಿ

1. ನಡೆಯುವ ಹಲಗೆಯ ತುದಿಗೆ ಬೇರೆ ಬಣ್ಣ ಯಾಕೆ ಬಳಿಯುತ್ತಾರೆ?

2. ನಾಯಿ ಆದ ಓರಗಿತ್ತಿ ಐದನೇ ಬಿಂದಿಗೆಗೆ ಯಾಕೆ ಓಡಿದರು?

3. ವಾಪಸ್ ಬಂದ ನಾಯಿಗೆ ಹೊಡೆದರೆ ಅದು ಏನು ತಿಳಿದುಕೊಳ್ಳುತ್ತದೆ?

ಮಾಡಿ ನೋಡಿ

ಅಂಗಳದಲ್ಲಿ ಐದು ಬಿಂದಿಗೆ ಇಡಿ. ಅಂಕಿ ನೀವೇ ಬರೆಯಿರಿ. ಅತ್ತೆ ಸೊಸೆ ಜೋಡಿಯಾಗಿ ಆಡಿ. ಮೊದಲು ಸೊಸೆ ಜತೆಗಾರ್ತಿ ಆಗಲಿ. ಆಮೇಲೆ ಬದಲಿಸಿ.

ಬರೆಯಿರಿ

ನಿಮ್ಮ ಮನೆ ನಾಯಿಯ ಹೆಸರು: ..........

ಅದು ಎಷ್ಟು ಹೆಜ್ಜೆ ದೂರದಿಂದ ಒಂದೇ ಕರೆಗೆ ಬಂತು: ..........

ಮುಂದಿನ ಚುಚ್ಚುಮದ್ದಿನ ತಾರೀಖು: ..........